ಪದ ಬೇಕು (ತುರ್ತು): ಪವರ್ ಸಪ್ಲೈಯ ‘ರಿಪಲ್’

ಎಲ್ಲರಿಗೂ ನಮಸ್ಕಾರ.

ನಮ್ಮ ಲ್ಯಾಬಿನಲ್ಲಿ ಹಳೇ ಟೆಕ್‌ಟ್ರಾನಿಕ್ಸ್ 465 ಆಸಿಲೋಸ್ಕೋಪ್ (ವೋಲ್ಟೇಜ್ ಹೇಗೆ ಬದಲಾಗುತ್ತದೆ ಅಂತ ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ) ಇದೆ. 1972ರಲ್ಲಿ ಬಂದ ಮಾಡೆಲ್. ಅದರ ಪವರ್ ಸಪ್ಲೈ ಕೆಟ್ಟರೆ ಏನೇನು ನೋಡಬೇಕು ಅಂತ ಐಟಿಐ ಹುಡುಗರಿಗಾಗಿ ಗೋಡೆಗೆ ಹಾಕುವ ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಕೊಡಬೇಕು. ‘ರಿಪಲ್’ಗೆ ಕನ್ನಡ ಪದ ಒಂದೇ ಬಾಕಿ.

ಸಂದರ್ಭ ಹೀಗಿದೆ. ಒಳಗೆ +110, +55, +15, +5, −8 ಅಂತ ಐದು ವೋಲ್ಟೇಜ್ ಲೈನುಗಳು. ಮೊದಲು +55 ನೋಡಬೇಕು, ಉಳಿದವು ಅದನ್ನೇ ನೆಚ್ಚಿಕೊಂಡಿವೆ. ಯಾವುದಾದರೂ ಲೈನ್ ಸೊನ್ನೆಯ ಹತ್ತಿರ ಬಿದ್ದಿದ್ದರೆ ಸ್ವಿಚ್ ಆಫ್ ಮಾಡಿ ಮೀಟರಿನಲ್ಲಿ ಓಮ್ಸ್ (ರೋಧ) ನೋಡಬೇಕು. ಎಷ್ಟೋ ಸಲ ಒಂದು ಟ್ಯಾಂಟಲಮ್ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಬಿಡಿಭಾಗ) ಶಾರ್ಟ್ ಆಗಿರುತ್ತದೆ. ವೋಲ್ಟೇಜ್ ಇದೆ, ಆದರೆ ಡಿಸಿಯ ಮೇಲೆ 100 ಹರ್ಟ್ಸಿನ ಅಲೆ ಕೂತಿದೆ ಅಂದರೆ ದೊಡ್ಡ ಫಿಲ್ಟರ್ ಕೆಪಾಸಿಟರ್ ಒಣಗಿರಬಹುದು. ಅದೇ ಅಲೆ 50 ಹರ್ಟ್ಸ್ ಇದ್ದರೆ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜಿನ ಡಯೋಡ್ ಮೇಲೆ ಅನುಮಾನ.

ಹೀಗೆ ಕೂತ ಅಲೆಯೇ ರಿಪಲ್. ಅದಕ್ಕೆ ‘ಏರಿಳಿತ’ ಅಂತ ಬರೆದಿದ್ದೆ. ಹುಡುಗನೊಬ್ಬ ಓದಿ, “ಸ್ಟೆಬಿಲೈಜರ್ ಹಾಕ್ಬೇಕಾ ಸರ್?” ಅಂದ. ಅವನು ಕೇಳಿದ್ದು ಸರಿಯೇ. ಊರಲ್ಲಿ ಕರೆಂಟಿನ ಏರಿಳಿತ ಅಂದರೆ ಲೈಟ್ ಡಿಮ್ಮಾಗಿ ಮತ್ತೆ ಜೋರಾಗುವುದು. ಬೇರೆ ಪದ ಕೊಡಿ.

ಮರು:
‘ತೆರೆ’ ಇರುವಾಗ ಹುಡುಕಾಟ ಯಾಕೆ? ಅಚ್ಚಗನ್ನಡ. ತಮಿಳಿನ ‘ತಿರೈ’ ಇದರ ಒಡಹುಟ್ಟು. ಸಂಸ್ಕೃತದ ‘ತರಂಗ’ಕ್ಕೂ ಇದಕ್ಕೂ ನಂಟು ಕಟ್ಟುವವರಿದ್ದಾರೆ, ಕಿವಿಗೊಡಬೇಡಿ. ನಿಮ್ಮದು ಚಿಕ್ಕ ಅಲೆಯಾದ್ದರಿಂದ ‘ಕಿರುತೆರೆ’ ಅನ್ನಿ. ಮುಗಿಯಿತು.

ಮರು:
ಕಿರುತೆರೆಯಾ? +15 ಲೈನಿನಲ್ಲಿ ಧಾರಾವಾಹಿ ಎಷ್ಟು ಗಂಟೆಗೆ ಸ್ವಾಮಿ?

ಸ್ಕೋಪಿನ ಪರದೆಯೂ ತೆರೆಯೇ. ‘ತೆರೆಯ ಮೇಲೆ ತೆರೆ ಕಾಣುತ್ತಿದೆಯೇ ನೋಡಿ’ ಅಂತ ಬರೆದರೆ ಹುಡುಗರು ಯಕ್ಷಗಾನ ಅಂದುಕೊಳ್ತಾರೆ. ರಿಪಲ್ ಅಂತಲೇ ಇರಲಿ. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಕೆಪಾಸಿಟರ್‌ಗೆ ‘ಧಾರಕ ಕೊಡಿ’ ಅಂದರೆ ಮುಖ ನೋಡ್ತಾರೆ, ‘ಕಂಡೆನ್ಸರ್’ ಅಂದರೆ ಎಷ್ಟು ಮೈಕ್ರೋ, ಎಷ್ಟು ವೋಲ್ಟ್ ಅಂತ ಕೇಳ್ತಾರೆ.

ಮರು:
ಪರದೆ ಪಾರಸಿ. ಅದು ಬೇಕು, ತೆರೆ ಬೇಡ! ‘ಧಾರಕ’ ನಾನೂ ಒಪ್ಪೋದಿಲ್ಲ, ಅದೂ ಎರವಲೇ. ಫಲಕದಲ್ಲಿ ಲೈನ್, ಶಾರ್ಟ್, ಫಿಲ್ಟರ್, ಬ್ರಿಡ್ಜ್ ಎಲ್ಲ ಹಾಗೇ ಇವೆ. ಇನ್ನು ಕನ್ನಡದ್ದು ಅಂತ ಉಳಿದಿರೋದು ‘ಆಗಿರುತ್ತದೆ’, ‘ನೋಡಬೇಕು’ ಅಷ್ಟೇ.

ಮರು:
ಅಷ್ಟು ಸಾಕು. ‘ಶಾರ್ಟ್ ಆಗಿರುತ್ತದೆ’ ಅನ್ನೋದು ಕನ್ನಡ ವಾಕ್ಯ, ಯಾವ ಇಂಗ್ಲಿಷಿನವನಿಗೂ ಅರ್ಥ ಆಗಲ್ಲ. ನೀವು ಕೂತಿರುವ ಕುರ್ಚಿ ಅರಬ್ಬಿಯದು. ಬೀಗ ತೆಗೆಯುವ ಚಾವಿ ಪೋರ್ಚುಗೀಸರದು.

ಮರು:
ನಮ್ಮನೇಲಿ ಬೀಗದ ಕೈ ಇದೆ.

ಮರು:
ಜಗಳ ಆಮೇಲೆ ಆಡಿ. ಫಲಕದಲ್ಲಿ ಎಚ್ಚರಿಕೆ ಬರೆದಿದ್ದೀರಾ? ಸ್ಕೋಪಿನ ಪರದೆಯ ಟ್ಯೂಬಿನ ಕಡೆ 2000 ವೋಲ್ಟ್‌ಗಿಂತ ಜಾಸ್ತಿ ಇರುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರಲ್ಲಿ ಚಾರ್ಜ್ ಉಳಿದಿರುತ್ತೆ. ಓಮ್ಸ್ ನೋಡಿ ಅನ್ನುವ ಸಾಲಿಗೆ ಮುಂಚೆಯೇ ಇದು ಬರಬೇಕು. ರಿಪಲ್‌ಗೆ ಬರೀ ‘ಅಲೆ’ ಸಾಕಲ್ವಾ? ನೀವೇ ನಿಮ್ಮ ಪತ್ರದಲ್ಲಿ ಎರಡು ಮೂರು ಸಲ ಹಾಗೇ ಬರೆದಿದ್ದೀರಿ, ಯಾರಿಗೂ ಗೊಂದಲ ಆಗಲಿಲ್ಲ.

ಮರು:
ಹೌದಲ್ಲ! ‘ಡಿಸಿಯ ಮೇಲಿನ ಅಲೆ’ ಅಂತ ಹಾಕಿದೆ. ಪಕ್ಕದಲ್ಲೇ 100 ಹರ್ಟ್ಸಿನ ಗರಗಸದ ಹಲ್ಲಿನಂಥ ಚಿತ್ರವೂ ಇದೆ. ಎಚ್ಚರಿಕೆ ಕೆಳಗಿತ್ತು, ಮೇಲೆ ತಂದು ಕೆಂಪಕ್ಷರದಲ್ಲಿ ‘ಅಪಾಯ’ ಅಂತ ಬರೆದೆ. ಎಲ್ಲರಿಗೂ ಥ್ಯಾಂಕ್ಸ್.

ಮರು:
‘ಅಪಾಯ’ ಸಂಸ್ಕೃತ.