ಮಾರ್ಗರೆಟ್, ಪೆಗ್ಗಿ, ರೀಟಾ, ಡೈಸಿ... ಈ ಸಾಲಿಗೆ ನಮ್ಮ ಮಂಜರಿಯೂ ಸೇರುತ್ತದಾ?

ಗೆಳೆಯರೇ,

ಸೋದರಿ ನಿವೇದಿತಾ ಅವರ ಹುಟ್ಟುಹೆಸರು ಮಾರ್ಗರೆಟ್ ಎಲಿಜಬೆತ್ ನೋಬಲ್. ಈ ಮಾರ್ಗರೆಟ್ ಅನ್ನುವ ಹೆಸರಿನ ಬಗ್ಗೆ ನನ್ನದೊಂದು ಪ್ರಶ್ನೆ ಇದೆ. ಮೊದಲು ತಿಳಿದಷ್ಟು ಹೇಳಿಬಿಡುತ್ತೇನೆ.

ಗ್ರೀಕಿನಲ್ಲಿ ಮಾರ್ಗರೀತೇಸ್ ಅಂದರೆ ಮುತ್ತು. ಲ್ಯಾಟಿನ್‌ನಲ್ಲಿ ಅದು ಮಾರ್ಗರೀತಾ ಆಯಿತು. ಯುರೋಪಿನ ಮನೆಮನೆಗೆ ಈ ಹೆಸರನ್ನು ಒಯ್ದದ್ದು ಅಂತಿಯೋಕ್‌ನ ಸಂತ ಮಾರ್ಗರೆಟ್ ಕಥೆ. ಆಕೆಯನ್ನು ಘಟಸರ್ಪವೊಂದು ನುಂಗಿತಂತೆ. ಆಕೆಯ ಕೈಲಿದ್ದ ಶಿಲುಬೆ ಮಾತ್ರ ಅದರ ಹೊಟ್ಟೆಗೆ ಒಗ್ಗಲಿಲ್ಲ! ಹೀಗೆ ಹೊಟ್ಟೆಯೊಳಗಿಂದ ಸುಖವಾಗಿ ಹೊರಬಂದವಳು ಅಂತ, ಹೆರಿಗೆ ಸಲೀಸಾಗಲಿ ಎಂದು ಬಸುರಿಯರು ಆಕೆಯನ್ನು ಬೇಡಿಕೊಳ್ಳುತ್ತಿದ್ದರು. ಹೆಣ್ಣುಮಗು ಹುಟ್ಟಿದರೆ ಹೆಸರು ಹುಡುಕುವ ಕೆಲಸವೇ ಇಲ್ಲ, ಅಲ್ವಾ? ಕಥೆಗೆ ಇತಿಹಾಸದ ಆಧಾರ ಸಾಲದು ಅಂತ 1969ರಲ್ಲಿ ಕ್ಯಾಥೊಲಿಕ್ ಸಭೆ ತನ್ನ ಸಾರ್ವತ್ರಿಕ ಹಬ್ಬಗಳ ಪಟ್ಟಿಯಿಂದ ಆಕೆಯನ್ನು ಕೈಬಿಟ್ಟಿತು. ಅಷ್ಟರಲ್ಲಿ ಹೆಸರು ಊರೆಲ್ಲ ಹಬ್ಬಿ ಆಗಿತ್ತು.

ಸ್ಕಾಟ್ಲೆಂಡಿಗೆ ಬೇರೆಯೇ ಒಬ್ಬ ಮಾರ್ಗರೆಟ್ ಇದ್ದಳು. 1093ರಲ್ಲಿ ತೀರಿಕೊಂಡ ರಾಣಿ, 1250ರಲ್ಲಿ ಸಂತಳೆನಿಸಿಕೊಂಡವಳು.

ನನಗೆ ಜಾಸ್ತಿ ಮಜಾ ಕೊಟ್ಟಿದ್ದು ಕರೆಯುವ ಹೆಸರುಗಳು. ಮೆಗ್, ಮ್ಯಾಗಿ, ಮೇಸಿ ಸುಲಭ. ಪೆಗ್ಗಿ? ಮೆಗ್ಗಿ ಹೋಗಿ ಪ್ರಾಸಕ್ಕೆ ಪೆಗ್ಗಿ ಆಯಿತು, ಮಾಲಿ (Molly) ಅನ್ನುವ ಹೆಸರು ಪಾಲಿ (Polly) ಆದ ಹಾಗೆ. ಜರ್ಮನರು ತಲೆ ಕತ್ತರಿಸಿ ಬಾಲ ಉಳಿಸಿಕೊಂಡರು: ಗ್ರೇಟೆ, ಗ್ರೆಟೆಲ್. ಸ್ವೀಡನ್ನಿನ ಗ್ರೇಟಾ ಕೂಡ ಇದೇ. ಇಟಲಿಯ ಮಾರ್ಗರೀತಾ ಬರೀ ರೀಟಾ ಆದಳು. ಡೈಸಿಯ ದಾರಿ ಸ್ವಲ್ಪ ಸುತ್ತು. ಫ್ರೆಂಚಿನಲ್ಲಿ ಮಾರ್ಗರೀತ್ ಅಂದರೆ ಡೈಸಿ ಹೂವೂ ಹೌದು. ಹಾಗಾಗಿ ಇಂಗ್ಲಿಷರು ಮಾರ್ಗರೆಟ್‌ಗಳನ್ನು ಸುಮ್ನೆ ಡೈಸಿ ಅಂತ ಕರೆಯತೊಡಗಿದರು. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಒಬ್ಬ ಅಕ್ಕ ರೀಟಾ, ಇನ್ನೊಬ್ಬ ಅಕ್ಕ ಡೈಸಿ ಇದ್ದರೆ, ಮೂಲದಲ್ಲಿ ಇಬ್ಬರದೂ ಒಂದೇ ಹೆಸರು.

ಇಂಗ್ಲೆಂಡ್ ಮತ್ತು ವೇಲ್ಸ್‌ನ 1924, 1934, 1944ರ ಹೆಣ್ಣುಮಕ್ಕಳ ಹೆಸರುಗಳ ಪಟ್ಟಿಗಳಲ್ಲಿ ಮಾರ್ಗರೆಟ್‌ಗೇ ಮೊದಲ ಸ್ಥಾನ. ರಾಜಕುಮಾರಿ ಮಾರ್ಗರೆಟ್‌ಳಿಂದ ಹೀಗಾಯಿತು ಅನ್ನುವವರಿದ್ದಾರೆ. ಆಕೆ ಹುಟ್ಟಿದ್ದೇ 1930ರಲ್ಲಿ, ಹಾಗಾಗಿ ಆ ಮಾತು ನನಗೆ ಒಪ್ಪಿಗೆಯಿಲ್ಲ. 1954ರ ಹೊತ್ತಿಗೆ ಸೂಸನ್ ಮುಂದೆ ಬಂದಳು, ಮಾರ್ಗರೆಟ್ ಮೆಲ್ಲಗೆ ಅಜ್ಜಿಯರ ಹೆಸರಾಯಿತು. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಹುಟ್ಟಿದ್ದು 1925ರಲ್ಲಿ. ನಮ್ಮ ಮಂಗಳೂರಿನ ಮಾರ್ಗರೆಟ್ ಆಳ್ವ ಹುಟ್ಟಿದ್ದು 1942ರಲ್ಲಿ. ಇಬ್ಬರೂ ಆ ಏರುಕಾಲದವರೇ.

ಈಗ ಪ್ರಶ್ನೆ. ಗ್ರೀಕರಿಗೆ ಈ ಪದ ಪೂರ್ವದ ಕಡೆಯಿಂದ, ಬಹುಶಃ ಇರಾನಿನ ಭಾಷೆಗಳಿಂದ ಹೋಯಿತು ಅಂತಾರೆ. ಪಾರಸಿಯಲ್ಲಿ ಮುತ್ತಿಗೆ ಮರ್ವಾರೀದ್. ಕೆಲವರು ಸಂಸ್ಕೃತದ ಮಂಜರಿಯನ್ನೂ ಇದರ ಜೊತೆ ಸೇರಿಸುತ್ತಾರೆ. ಸಂಸ್ಕೃತ ನಿಘಂಟುಗಳಲ್ಲಿ ಮಂಜರಿಗೆ ಹೂಗೊಂಚಲಿನ ಜೊತೆಗೆ ಮುತ್ತು ಅನ್ನುವ ಅರ್ಥವೂ ಇದೆ. ಕನ್ನಡದಲ್ಲಿ ನಾನು ಕಂಡದ್ದೆಲ್ಲ ಹೂಗೊಂಚಲು, ಚಿಗುರು, ಇಲ್ಲವೇ ಕಥಾಮಂಜರಿಯಂಥ ಪುಸ್ತಕದ ಹೆಸರುಗಳು.

ಹಳಗನ್ನಡ ಕಾವ್ಯದಲ್ಲೋ ಶಾಸನದಲ್ಲೋ ಮಂಜರಿ ಎಂದರೆ ಮುತ್ತು ಅನ್ನುವಂಥ ಪ್ರಯೋಗ ಯಾರಾದರೂ ನೋಡಿದ್ದೀರಾ? ಪದ್ಯ ಸಮೇತ ಕೊಟ್ಟರೆ ಒಳ್ಳೆಯದು. ಮುತ್ತಿನ ಗೊಂಚಲು ಅನ್ನುವ ಅರ್ಥ ಬಂದರೆ ಸಾಲದು, ಬಿಡಿ ಮುತ್ತೇ ಆಗಬೇಕು.