ಉಬ್ಬಸಕ್ಕೆ ಅಜಿಥ್ರೋಮೈಸಿನ್ ನುಂಗಬಹುದಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಅಮ್ಮನಿಗೆ 58 ವರ್ಷ, ಅಸ್ತಮಾ ಇದೆ. ಒಗ್ಗರಣೆ ಘಾಟು ಬಡಿದರೆ ಸಾಕು, ಕೆಮ್ಮು, ಎದೆ ಬಿಗಿತ. ಶೀತ ಆಗಿದ್ದಾಗ 3 ದಿನ ಅಜಿಥ್ರೋಮೈಸಿನ್ 500 ಕೊಟ್ಟಿದ್ದರು. ಆಮೇಲೆ ಕೆಲವು ದಿನ ಘಾಟಿಗೂ ಕೆಮ್ಮಲಿಲ್ಲ. ಈಗ ಉಬ್ಬಸ ಬಂದಾಗಲೆಲ್ಲ ಮೆಡಿಕಲ್ ಶಾಪಿನಿಂದ ಅದನ್ನೇ ತರಿಸುತ್ತಾರೆ. ಸರೀನಾ?

ಡಾಕ್ಟರ್ (ಶ್ವಾಸಕೋಶ ವಿಭಾಗ): ಹಾಗೆ ತರಿಸುವುದು ಬೇಡ. ಶೀತ ಇಳಿದಾಗ ಕೆಮ್ಮೂ ತಾನಾಗಿಯೇ ಇಳಿದಿರಬಹುದು. 3 ದಿನ 500 ಎಂಜಿ, ಇದೇ ಲೆಕ್ಕದಲ್ಲಿ ಬ್ರಿಟನ್ನಿನಲ್ಲಿ ಅಸ್ತಮಾ ಜೋರಾದವರಿಗೆ ಕೊಟ್ಟು ನೋಡಿದ್ದಾರೆ. 2016ರಲ್ಲಿ ಫಲಿತಾಂಶ ಬಂತು, ಲಾಭ ಕಾಣಲಿಲ್ಲ. ತಮಾಷೆ ಅಂದರೆ, ಆ ಅಧ್ಯಯನಕ್ಕೆ ಜನ ಸಿಗುವುದೇ ಕಷ್ಟವಾಯಿತು. ಎಷ್ಟೋ ರೋಗಿಗಳು ಆಗಲೇ ಆಂಟಿಬಯೋಟಿಕ್ ನುಂಗಿ ಬಂದಿದ್ದರು!

ಹಾಗಂತ ಅಜಿಥ್ರೋಮೈಸಿನ್ ಗುಂಪಿನ ಆಂಟಿಬಯೋಟಿಕ್‌ಗಳಿಗೂ ಶ್ವಾಸನಾಳಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಅಸ್ತಮಾದಲ್ಲಿ ನಾಳ ಸಣ್ಣಪುಟ್ಟದ್ದಕ್ಕೂ ಮುದುಡಿಕೊಳ್ಳುತ್ತದೆ. ಅದನ್ನು ಅಳೆಯಲು, ನಾಳವನ್ನು ಮುದುಡಿಸುವ ಮೆಥಾಕೋಲಿನ್ ಎಂಬ ಔಷಧಿಯನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಉಸಿರಿನಲ್ಲಿ ಕೊಟ್ಟು, ಉಸಿರಿನ ಬಲ ಅಳೆಯುವ ಯಂತ್ರಕ್ಕೆ ಊದಿಸಿ ನೋಡುತ್ತೇವೆ. 8 ವಾರ ಇದೇ ಗುಂಪಿನ ಕ್ಲಾರಿಥ್ರೋಮೈಸಿನ್ ಕೊಟ್ಟ ಒಂದು ಸಣ್ಣ ಅಧ್ಯಯನದಲ್ಲಿ ನಾಳ ಮುದುಡಲು ಮೊದಲಿಗಿಂತ ಜಾಸ್ತಿ ಮೆಥಾಕೋಲಿನ್ ಬೇಕಾಯಿತು. ಅಂದರೆ ಸೂಕ್ಷ್ಮತೆ ತಗ್ಗಿತ್ತು. ಈ ಔಷಧಿಗಳು ಬ್ಯಾಕ್ಟೀರಿಯಾ ತಡೆಯುವುದರ ಜೊತೆಗೆ ನಾಳದ ಉರಿಯೂತವನ್ನೂ ಕಫವನ್ನೂ ಕಡಿಮೆ ಮಾಡುತ್ತವೆ.

ದೊಡ್ಡ ಪುರಾವೆ ಬಂದದ್ದು 2017ರಲ್ಲಿ, ಆಸ್ಟ್ರೇಲಿಯಾದಿಂದ. ಇನ್ಹೇಲರ್ ಬಳಸಿಯೂ ಹತೋಟಿಗೆ ಬಾರದ 420 ಜನರಲ್ಲಿ ಅರ್ಧದಷ್ಟು ಮಂದಿಗೆ ವಾರಕ್ಕೆ 3 ಸಲ 500 ಎಂಜಿ ಅಜಿಥ್ರೋಮೈಸಿನ್, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ, 48 ವಾರ. ಔಷಧಿಯಿಲ್ಲದ ಮಾತ್ರೆಯವರಲ್ಲಿ ವರ್ಷಕ್ಕೆ ಒಬ್ಬರಿಗೆ ಸರಾಸರಿ 1.86 ಸಲ ಕಾಯಿಲೆ ಉಲ್ಬಣಿಸಿದರೆ, ಅಜಿಥ್ರೋಮೈಸಿನ್ ನುಂಗಿದವರಲ್ಲಿ 1.07 ಸಲ ಮಾತ್ರ. ಗಮನಿಸಿ, ಇದು ತಿಂಗಳುಗಟ್ಟಲೆಯ ಮಾತು, 3 ದಿನದ್ದಲ್ಲ. ಶುರು ಮಾಡುವ ಮೊದಲು ಇಸಿಜಿ ಬೇಕು, ಕೆಲವರಲ್ಲಿ ಹೃದಯದ ಬಡಿತ ಏರುಪೇರಾಗುತ್ತದೆ. ಕಫ ಪರೀಕ್ಷೆಯೂ ಬೇಕು. ಟಿಬಿ ಜಾತಿಯ ರೋಗಾಣು ಒಳಗಿದ್ದರೆ ಈ ಒಂದೇ ಔಷಧಿ ಕೊಟ್ಟಾಗ ಅದು ಆ ಔಷಧಿಗೆ ಬಗ್ಗದಂತಾಗಬಹುದು. ಕೆಲವರಿಗೆ ಕಿವಿ ಮಂದವಾಗಬಹುದು, ಅದರ ಮೇಲೂ ಕಣ್ಣಿಡಬೇಕು.

ಅಮ್ಮ ಇನ್ಹೇಲರ್ ದಿನಾ ಎಳೆಯುತ್ತಾರಾ? ಸರಿಯಾಗಿ ಎಳೆಯುತ್ತಾರಾ? ನನ್ನ ಪ್ರಕಾರ ಮೊದಲು ಅದನ್ನು ನೋಡಿ.

ಪ್ರಶ್ನೆ: ಇನ್ಹೇಲರ್ ಅಭ್ಯಾಸ ಆಗುತ್ತೆ ಅಂತ ಬಿಟ್ಟಿದ್ದಾರೆ ಮೇಡಂ. ಡೆರಿಫಿಲಿನ್ ಮಾತ್ರ ನುಂಗುತ್ತಾರೆ.

ಡಾಕ್ಟರ್: ನೋಡಿದ್ರಾ! ಸ್ಟೀರಾಯ್ಡ್ ಇನ್ಹೇಲರ್ ಚಟ ಹಿಡಿಸುವುದಿಲ್ಲ. ನಾಳದ ಸೂಕ್ಷ್ಮತೆ ತಗ್ಗಿಸುವ ಮುಖ್ಯ ಔಷಧಿಯೇ ಅದು. ಡೆರಿಫಿಲಿನ್‌ನಲ್ಲಿ ಥಿಯೋಫಿಲಿನ್ ಇದೆ. ಅದರ ಜೊತೆ ಅಜಿಥ್ರೋಮೈಸಿನ್ ಗುಂಪಿನವೇ ಆದ ಎರಿಥ್ರೋಮೈಸಿನ್ ಅಥವಾ ಕ್ಲಾರಿಥ್ರೋಮೈಸಿನ್ ಸೇರಿದರೆ ರಕ್ತದಲ್ಲಿ ಥಿಯೋಫಿಲಿನ್ ಏರಿ ವಾಂತಿ, ಎದೆಬಡಿತ ಬರಬಹುದು. ಅಮ್ಮನನ್ನು ಕರೆದುಕೊಂಡು ಹೋಗಿ ತೋರಿಸಿ, ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ.

ಇನ್ನೊಬ್ಬ ಸದಸ್ಯರು: ನಮ್ಮ ಯಜಮಾನರಿಗೆ ಬ್ರಾಂಕಿಯೆಕ್ಟಾಸಿಸ್, ಶ್ವಾಸನಾಳ ಹಿಗ್ಗಿ ಕಫ ಕಟ್ಟುವ ಕಾಯಿಲೆ. ಕೊಲಿಸ್ಟಿನ್ ಅನ್ನೋ ಆಂಟಿಬಯೋಟಿಕ್ ನೆಬುಲೈಸ್ ಮಾಡಿದಾಗ ಎದೆ ಕಟ್ಟಿದ ಹಾಗಾಗುತ್ತೆ. ಯಾಕೆ?

ಡಾಕ್ಟರ್: ನಿಮ್ಮದು ಉಲ್ಟಾ ಕೇಸು. ಉಸಿರಿನಲ್ಲಿ ಹೋದ ಕೊಲಿಸ್ಟಿನ್ ಕೆಲವರ ನಾಳವನ್ನು ಕೆರಳಿಸಿ ಮುದುಡಿಸುತ್ತದೆ. ಮೊದಲೇ ನಾಳ ಸಡಿಲಿಸುವ ಸಾಲ್ಬ್ಯುಟಮಾಲ್ ಕೊಡುವುದು ಅದಕ್ಕೇ. ಮುಂದಿನ ಡೋಸ್ ಮನೆಯಲ್ಲಿ ಬೇಡ. ಆಸ್ಪತ್ರೆಯಲ್ಲಿ ಕೊಡಿಸಿ, ಮುಂಚೆ ಮತ್ತು ಆಮೇಲೆ ಊದಿಸಿ ನೋಡಲಿ.