ದುಡ್ಡಿದ್ದವರ ಕೇಸು ಏಕೆ ಕರಗಿಹೋಗುತ್ತದೆ?

ಪ್ರಶ್ನೆ: ಶಹಾಬಾದ್ ಹುಡುಗ

ಎಲ್ಲರಿಗೂ ಶರಣು. ಅಮೆರಿಕದ ಜೆಫ್ರಿ ಎಪ್‌ಸ್ಟೀನ್ ಬಗ್ಗೆ ಓದುತ್ತಿದ್ದೆ. ಅಪ್ರಾಪ್ತ ಬಾಲಕಿಯರ ದೂರುಗಳು ರಾಶಿ ಬಿದ್ದಿದ್ದರೂ 2008ರಲ್ಲಿ ಫ್ಲೋರಿಡಾದಲ್ಲಿ ಅವನು ಜೈಲಿನಲ್ಲಿ ಕಳೆದದ್ದು ಸುಮಾರು 13 ತಿಂಗಳು. ಅದರಲ್ಲೂ ವಾರಕ್ಕೆ ಆರು ದಿನ, ದಿನಕ್ಕೆ 12 ಗಂಟೆ ಹೊರಗೆ ಹೋಗಿ ತನ್ನ ಕಚೇರಿಯಲ್ಲಿ ಕೂರಲು ಅನುಮತಿ. ಸರ್ಕಾರಿ ವಕೀಲರು ಮಾಡಿಕೊಂಡ ಒಪ್ಪಂದ ಸಂತ್ರಸ್ತೆಯರಿಗೇ ಗೊತ್ತಿರಲಿಲ್ಲ.

ಅದು ದೂರದ ಮಾತಾಯಿತು. ಕಳೆದ ವರ್ಷ ನಮ್ಮ ಕಾಕಾ ಬೈಕಿನಲ್ಲಿ ಬರುವಾಗ ಕಾರು ಗುದ್ದಿ ತೀರಿಕೊಂಡರು. ಕಾರು ದೊಡ್ಡ ಗುತ್ತಿಗೆದಾರನದು. ಓಡಿಸುತ್ತಿದ್ದವನು ಅವನ ಮಗ ಎಂದು ಕಣ್ಣಾರೆ ಕಂಡ ಚಹಾ ಅಂಗಡಿಯವರು ಹೇಳಿದ್ದರು. ಮರುದಿನ ಠಾಣೆಗೆ ಬಂದು ಶರಣಾದವನು ಮನೆಯ ಡ್ರೈವರ್. ಈಗ ಚಹಾ ಅಂಗಡಿಯವರೂ "ಕತ್ತಲಿತ್ತು, ಸರಿಯಾಗಿ ಕಾಣಲಿಲ್ಲ" ಎನ್ನುತ್ತಿದ್ದಾರೆ. ದುಡ್ಡಿದ್ದವರು ಕೊಳ್ಳುವುದು ಯಾರನ್ನು? ಪೊಲೀಸರನ್ನೋ, ಜಡ್ಜರನ್ನೋ?

ಉತ್ತರ: ನಿವೃತ್ತ ಶಿರಸ್ತೇದಾರ, ಕಲಬುರಗಿ

ತಮ್ಮಾ, ಜಡ್ಜರನ್ನು ಕೊಳ್ಳಲು ಹೋದವರು ಸಿಕ್ಕಿಬೀಳುತ್ತಾರೆ. ಗಾಲಿ ಜನಾರ್ದನ ರೆಡ್ಡಿಯವರ ಜಾಮೀನಿಗೆ ಲಂಚ ಪಡೆದ ಆರೋಪದ ಮೇಲೆ 2012ರಲ್ಲಿ ಹೈದರಾಬಾದಿನ ಸಿಬಿಐ ನ್ಯಾಯಾಧೀಶರೇ ಅಮಾನತಾದರು. ಬುದ್ಧಿವಂತ ಸಿರಿವಂತ ಆ ಉಸಾಬರಿಗೆ ಹೋಗುವುದಿಲ್ಲ. ಅವನಿಗೆ ಬೇಕಾದದ್ದು ವಾಯಿದೆ.

ನಾನು ಬೆಂಚ್ ಕ್ಲರ್ಕ್ ಆಗಿದ್ದ ಕಾಲದಲ್ಲಿ ಆಳಂದ ಕಡೆಯಿಂದ ಒಬ್ಬ ಸಾಕ್ಷಿ ಬರುತ್ತಿದ್ದ. ತೊಗರಿ ರಾಶಿಯ ಕೂಲಿ ಬಿಟ್ಟು, ಮೊದಲ ಬಸ್ಸು ಹಿಡಿದು. ಸಮನ್ಸನ್ನು ನಾಲ್ಕು ಮಡಿಕೆ ಮಾಡಿ ಟೋಪಿಯೊಳಗೆ ಇಟ್ಟುಕೊಂಡಿರುತ್ತಿದ್ದ. ಜವಾನ ಹೆಸರು ಕೂಗಿದೊಡನೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಓಡುತ್ತಿದ್ದ. ಆರೋಪಿಯ ಕಡೆಯ ಕಿರಿಯ ವಕೀಲ ಎದ್ದು, "ನಮ್ಮ ಹಿರಿಯರಿಗೆ ಬೆಂಗಳೂರಿನಲ್ಲಿ ಬೇರೆ ಕೇಸಿದೆ" ಎನ್ನುತ್ತಿದ್ದ. ನಾನು ಮುಂದಿನ ತಾರೀಖು ಬರೆಯುತ್ತಿದ್ದೆ. ಮೊದಮೊದಲು ಸಾಕ್ಷಿ ನನ್ನ ಮೇಜಿನ ಬಳಿ ಬಂದು "ಸಾಹೇಬರೇ, ಇವತ್ತೂ ಇಲ್ಲವೇ?" ಎಂದು ಕೇಳುತ್ತಿದ್ದ. ಬರಬರುತ್ತಾ ಕೇಳುವುದನ್ನೇ ಬಿಟ್ಟ. ಕಡೆಗೊಂದು ದಿನ ಆರೋಪಿಯ ಕಡೆಯವರ ಜೀಪಿನಿಂದಲೇ ಇಳಿದು ಬಂದು, ತಾನೇನೂ ನೋಡಿಲ್ಲ ಎಂದು ಕಟಕಟೆಯಲ್ಲಿ ಹೇಳಿದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಸಾಕ್ಷಿ ಬಂದು ನಿಂತಿರುವಾಗ ವಿಚಾರಣೆ ಮುಂದೂಡಬಾರದು, ಮುಂದೂಡಿದರೆ ವಿಶೇಷ ಕಾರಣ ಬರೆದಿಡಬೇಕು ಎಂದು ಕ್ರಿಮಿನಲ್ ಕೇಸು ನಡೆಸುವ ಹೊಸ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 346 ಹೇಳುತ್ತದೆ. ಹಳೆಯ ಕಾನೂನೂ ಇದನ್ನೇ ಹೇಳುತ್ತಿತ್ತು. ಓದಲು ಚೆನ್ನಾಗಿದೆ.

ಕಾಲ ಸಿಕ್ಕರೆ ಕಾಗದವೂ ಉಳಿಯುವುದಿಲ್ಲ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಯಲ್ಲಿ 59 ಜನ ಸತ್ತರು. ಮಾಲೀಕರಾದ ಅನ್ಸಲ್ ಸಹೋದರರ ಮೇಲಿನ ಕೇಸಿನ ಕಡತದಿಂದಲೇ ಹಾಳೆಗಳು ಮಾಯವಾದವು, ಕೆಲವದರ ಮೇಲೆ ಶಾಯಿ ಚೆಲ್ಲಿತ್ತು. ವಜಾ ಆದವನು ಕೋರ್ಟಿನ ಗುಮಾಸ್ತ. ಸಹೋದರರಿಗೆ 2015ರಲ್ಲಿ ಸುಪ್ರೀಂ ಕೋರ್ಟು ತಲಾ 30 ಕೋಟಿ ರೂಪಾಯಿ ಕಟ್ಟಿದರೆ ಆಗಿರುವ ಸೆರೆವಾಸವೇ ಸಾಕು ಎಂದಿತು. ಸತ್ತವರ ತಂದೆತಾಯಿಯರು ಬಿಡದೆ ಹೋರಾಡಿದ ಮೇಲೆ 2017ರಲ್ಲಿ ಒಬ್ಬರು ಮತ್ತೆ ಜೈಲಿಗೆ ಹೋಗಬೇಕಾಯಿತು. ಕಡತ ತಿದ್ದಿದ್ದಕ್ಕೆ ಶಿಕ್ಷೆಯಾದದ್ದು 2021ರಲ್ಲಿ. ಲೆಕ್ಕ ನೀನೇ ಹಾಕಿಕೋ.

ಉತ್ತರ: ಬ್ರಹ್ಮಪುರದ ವಕೀಲೆ

ಶಿರಸ್ತೇದಾರರ ಮಾತು ಮುಕ್ಕಾಲು ನಿಜ. ಆದರೆ ಹುಡುಗನನ್ನು ಹೀಗೆ ಹೆದರಿಸಿ ಮನೆಗೆ ಕಳಿಸಬೇಡಿ. ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ 2025ರ ಆಗಸ್ಟ್‌ನಲ್ಲಿ ಜೀವಾವಧಿ ಶಿಕ್ಷೆಯಾಯಿತು. ದೂರು ಕೊಟ್ಟವರು ಮನೆಗೆಲಸದ ಮಹಿಳೆ. ಪ್ರಯೋಗಾಲಯಕ್ಕೆ ಹೋದ ಅವರ ಸೀರೆ ಮುಖ್ಯ ಸಾಕ್ಷ್ಯವಾಯಿತು. ಕೇಸು ದಾಖಲಾದದ್ದು 2024ರಲ್ಲಿ. ವಾಯಿದೆಗೆ ಎಡೆ ಸಿಗಲಿಲ್ಲ.

ತಮ್ಮಾ, ಡ್ರೈವರನ ತಲೆಗೆ ಕಟ್ಟುವುದು ಹಳೆಯ ಆಟ. 2024ರಲ್ಲಿ ಪುಣೆಯ ಪೋರ್ಷೆ ಕಾರಿನ ಪ್ರಕರಣದಲ್ಲೂ ಡ್ರೈವರನ ಮೇಲೆ ಒತ್ತಡ ಹಾಕಿದ ಆರೋಪದಲ್ಲಿ, ಕಾರು ಓಡಿಸಿದನೆನ್ನಲಾದ ಹುಡುಗನ ತಂದೆ, ತಾತ ಬಂಧಿತರಾದರು. ರಕ್ತದ ಮಾದರಿ ಬದಲಿಸಿದ ಆರೋಪದಲ್ಲಿ ಇಬ್ಬರು ವೈದ್ಯರೂ. ನಿನ್ನ ಕೇಸಿನಲ್ಲಿ ಆ ಹೊತ್ತಿಗೆ ಮಗನ ಮೊಬೈಲ್ ಯಾವ ಟವರ್‌ನಲ್ಲಿತ್ತು, ಡ್ರೈವರನದು ಯಾವ ಟವರ್‌ನಲ್ಲಿತ್ತು ಎಂಬುದೇ ಸಾಕ್ಷಿ. ಅದಕ್ಕೆ ಜೀಪು ಕಳಿಸಲು ಆಗುವುದಿಲ್ಲ. ಕರೆ ದಾಖಲೆಗಳನ್ನು ಕಂಪನಿಗಳು ಕನಿಷ್ಠ ಎರಡು ವರ್ಷ ಇಡಬೇಕು, ಆಮೇಲೆ ಅಳಿಸಬಹುದು. ಆದ್ದರಿಂದ ಹೆಚ್ಚಿನ ತನಿಖೆ ಕೋರಿ ಈಗಲೇ ಅರ್ಜಿ ಹಾಕಿ. ಚಹಾ ಅಂಗಡಿಯವರಿಗೆ ಬೆದರಿಕೆ ಇದ್ದರೆ 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ಅರ್ಜಿ ಕೊಡಬಹುದು. ಅದನ್ನು ನೋಡುವ ಸಮಿತಿಗೆ ಜಿಲ್ಲಾ ನ್ಯಾಯಾಧೀಶರೇ ಮುಖ್ಯಸ್ಥರು.

ಉತ್ತರ: ಬೀದರ್‌ನಿಂದ

ಇನ್ನೊಂದು ಮಾತು. 2008ರಲ್ಲಿ ಕಲಬುರಗಿಗೆ ಹೈಕೋರ್ಟ್ ಪೀಠ ಬರುವವರೆಗೆ ಮೇಲ್ಮನವಿ ಎಂದರೆ ನಮಗೆ ರಾತ್ರಿಯಿಡೀ ಪ್ರಯಾಣ, ಬೆಂಗಳೂರಿನ ಲಾಡ್ಜು, ಅಲ್ಲಿನ ವಕೀಲರ ಫೀಸು. ಎದುರಾಳಿ ಹೆದ್ದಾರಿಯ ಉದ್ದದಲ್ಲೇ ಅರ್ಧ ಗೆದ್ದಿರುತ್ತಿದ್ದ. ಈಗ ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದು.

ಶಹಾಬಾದ್ ಹುಡುಗ

ಅಕ್ಕ, ಎರಡು ವರ್ಷ ತುಂಬಲು ಇನ್ನೂ ಸಮಯವಿದೆ. ಚಹಾ ಅಂಗಡಿಯವರನ್ನು ನಾವೇ ಗಾಡಿ ಮಾಡಿ ಕೋರ್ಟಿಗೆ ಕರೆತರೋಣವೇ?

ನಿವೃತ್ತ ಶಿರಸ್ತೇದಾರ

ಬೇಡವೇ ಬೇಡ. ನೀನು ಒಂದು ಊಟ ಕೊಡಿಸಿದರೂ ಪಾಟೀ ಸವಾಲಿನಲ್ಲಿ ಅದನ್ನೇ ಎತ್ತುತ್ತಾರೆ. ಬಂದುಹೋಗುವ ಖರ್ಚಿಗೆ ಸಾಕ್ಷಿ ಭತ್ಯೆ ಇದೆ, ಕೋರ್ಟಿನಲ್ಲಿ ಕೇಳಿ ಪಡೆಯಲಿ. ವಕೀಲಮ್ಮ ಹೇಳಿದ ಅರ್ಜಿ ಈ ವಾರವೇ ಹೋಗಲಿ. ಎಫ್‌ಐಆರ್, ಪಂಚನಾಮೆ, ಶವಪರೀಕ್ಷೆ ವರದಿಯ ದೃಢೀಕೃತ ನಕಲುಗಳನ್ನು ಎರಡು ಸೆಟ್ ತೆಗೆಸಿ, ಒಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡು.